ವಾಕ್ಯದ ಪೆಟ್ಟಿಗೆಗೆ ನನ್ನ ಹೆಬ್ಬೆರಳನ್ನೂ ಸೇರಿಸಿದ ಅಂಟಿನ ಟ್ಯೂಬಿಗೆ

ಮಾನ್ಯ ಅಂಟಿನ ಟ್ಯೂಬಿನವರೇ,

ಮೇಜಿನ ಎರಡನೇ ಡ್ರಾಯರಿನಲ್ಲಿ, ನೂಲಿನ ಉಂಡೆಗೂ ಸತ್ತ ಬ್ಯಾಟರಿಗೂ ನಡುವೆ ಸುಖವಾಗಿ ಪವಡಿಸಿರುವ ತಮಗೆ, ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ಮುದುಕಿಯೊಬ್ಬಳ ಎಡಗೈ ನಮಸ್ಕಾರಗಳು. ಎಡಗೈಯೇ ಏಕೆಂದು ತಾವು ಮುನಿಯಬಾರದು. ಬಲಗೈ ಹೆಬ್ಬೆರಳಿನ ಚರ್ಮ ಈಗಾಗಲೇ ತಮ್ಮ ಪಾದಕ್ಕೆ ಅರ್ಪಿತವಾಗಿದೆ, ಆದ್ದರಿಂದ ಈ ಕಾಗೆಕಾಲಿನ ಅಕ್ಷರದ ಕೀರ್ತಿಯೂ ತಮ್ಮದೇ. ಹತ್ತು ಜನ ಓದಲಿ ಎಂದು ಈ ಪತ್ರವನ್ನು ಚರ್ಚ್ ಹಾಲಿನ ಬೋರ್ಡಿಗೆ ಹಾಕಿಸುತ್ತಿದ್ದೇನೆ. ಗುಂಡುಸೂಜಿ ಚುಚ್ಚಿ.

ತಮ್ಮ ಹೊಟ್ಟೆಯ ಮೇಲೆ 'ಏನನ್ನಾದರೂ ಮೂರೇ ಸೆಕೆಂಡಿನಲ್ಲಿ ಅಂಟಿಸುತ್ತದೆ' ಎಂದು ಬರೆದುಕೊಂಡಿದ್ದೀರಿ. ಆ ಮಾತು ನಂಬಿ ನನ್ನ ಚಪ್ಪಲಿಯನ್ನು ತಮ್ಮ ಕೈಗಿತ್ತೆ, ಅದು ಬೀದಿ ತಿರುವು ದಾಟುವ ಮೊದಲೇ ಬಾಯಿ ಬಿಟ್ಟಿತು. ಕನ್ನಡಕದ ಕಾಲು ಕೊಟ್ಟೆ, ಅದು ಸಾರಿನ ಪಾತ್ರೆಯಲ್ಲಿ ಸಿಕ್ಕಿತು. ಹಾಗಾಗಿ ತಾವು ನನ್ನ ಒಡಹುಟ್ಟಿದ ತಮ್ಮನ ಜಾತಿಯವರು, ಮಾತು ಮಾಳಿಗೆಯಷ್ಟು ಕೆಲಸ ಮಣೆಯಷ್ಟು, ಎಂದು ತೀರ್ಮಾನಿಸಿ ಡ್ರಾಯರಿಗೆ ತಳ್ಳಿದ್ದೆ. ಆ ತೀರ್ಮಾನ ತಪ್ಪೆಂದು ತೋರಿಸಲು ತಾವು ಆರಿಸಿಕೊಂಡ ದಿನಕ್ಕೆ ಮೆಚ್ಚಬೇಕು.

ನಮ್ಮ ಚರ್ಚಿನಲ್ಲಿ ಹೆಣ್ಣುಮಕ್ಕಳ ಕೂಟವೊಂದಿದೆ. ಅದನ್ನು ನಡೆಸುವ ಟೀಚರಕ್ಕ ಈ ಸಲ, ಪ್ರತಿಯೊಬ್ಬಳೂ ಒಂದು ಚೀಟಿ ಎತ್ತಬೇಕು, ಅದರಲ್ಲಿ ಹೆಸರಿದ್ದವಳಿಗೆ ಮನೆಯಲ್ಲಿ ಬಿದ್ದಿರುವ ಸಾಮಾನಿನಿಂದಲೇ ಉಡುಗೊರೆ ಮಾಡಿ ಎಲ್ಲರೆದುರು ಕೊಡಬೇಕು, ಸುಲಭದ ಕೈಕೆಲಸ, ಅರ್ಧ ಗಂಟೆ ಸಾಕು ಅಂದರು. ನನ್ನ ಮೊಮ್ಮಗಳ ಚೀಟಿಯಲ್ಲಿ ಬಂದದ್ದು ಕೋಗಿಲೆಯ ಹೆಸರು. ಕೋಗಿಲೆ ಅಂದರೆ ಕೂಟದಲ್ಲಿ ಹಾಡುವ ಹುಡುಗಿ. ಮೂರು ವಾರದ ಹಿಂದೆ ಒಂಟಿಯಾಗಿ ಹಾಡುವಾಗ ಅವಳ ಗಂಟಲು ಕೈಕೊಟ್ಟು ಕೀರಲು ದನಿ ಬಂದಿತ್ತು, ಆಗ ಇಡೀ ಸಭೆಗೆ ಕೇಳುವಂತೆ ಕಿಸಕ್ಕನೆ ನಕ್ಕವಳು ಅವಳ ಜೀವದ ಗೆಳತಿಯಾದ ನನ್ನ ಮೊಮ್ಮಗಳೇ. ಅಂದಿನಿಂದ ಒಂದೇ ಬೆಂಚಿನ ಆ ತುದಿಗೊಬ್ಬಳು ಈ ತುದಿಗೊಬ್ಬಳು. 'ತಪ್ಪಾಯ್ತು' ಎಂಬ ಮಾತು ನಮ್ಮ ವಂಶದವರ ಬಾಯಿಂದ ಹೊರಡುವುದು ಹಲ್ಲು ಕೀಳಿಸುವಷ್ಟೇ ಕಷ್ಟ. ನನ್ನಿಂದಲೇ ಬಂದ ಆಸ್ತಿ ಅದು, ಬೇರೆ ಯಾರನ್ನೂ ದೂರುವಂತಿಲ್ಲ.

ಅದಕ್ಕೇ ನಾವಿಬ್ಬರೂ ಒಂದು ಉಪಾಯ ಹೂಡಿದೆವು. ಐಸ್‌ಕ್ರೀಂ ಕಡ್ಡಿಗಳಿಂದ ಒಂದು ವಾಕ್ಯದ ಪೆಟ್ಟಿಗೆ: ತಿಂಗಳಿನ ಮೂವತ್ತು ದಿನಕ್ಕೆ ಬೈಬಲಿನ ಮೂವತ್ತು ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಸುರುಳಿ ಸುತ್ತಿ ಅದರೊಳಗಿಡುವುದು, ಎಲ್ಲಕ್ಕಿಂತ ಕೆಳಗೆ ಮೂವತ್ತೊಂದನೆಯ ಸುರುಳಿಯಲ್ಲಿ 'ನಕ್ಕಿದ್ದು ತಪ್ಪಾಯ್ತು, ಕ್ಷಮಿಸು' ಎಂದು ಬರೆಯುವುದು. ಕಡ್ಡಿಗಳನ್ನು ಗೋಂದಿನಿಂದಲೇ ಕೂಡಿಸಿದೆವು. ಸುರುಳಿಗಳನ್ನು ತುಂಬಿ ಮುಚ್ಚಳ ಮುಚ್ಚಿದೆವು. ಉಳಿದಿದ್ದು ಅದಕ್ಕೆ ಹಿಡಿಯಾಗಿ ಒಂದು ಕೋಟಿನ ಗುಂಡಿ. ಗೋಂದು ಮುಗಿದಿತ್ತು, ಕೂಟಕ್ಕೆ ಅರ್ಧ ಗಂಟೆಯಿತ್ತು, ತಾವು ಡ್ರಾಯರಿನಲ್ಲಿ ಹಲ್ಲು ಕಿರಿಯುತ್ತಿದ್ದಿರಿ.

ಅಂಟು ಹಿಡಿಯುವ ತನಕ ಒತ್ತಿಕೊಂಡು ಒಂದು ವಾಕ್ಯ ಬಾಯಿಪಾಠ ಹೇಳಿ ಬಿಡಬೇಕು ಎನ್ನುವುದು ಟೀಚರಕ್ಕ ಮಕ್ಕಳಿಗೆ ಕಲಿಸಿದ ಲೆಕ್ಕ. ನನಗೋ, ಓದು ಮೂರನೇ ಕ್ಲಾಸಾದರೂ, ಬೈಬಲಿನ ಒಂದು ಕೀರ್ತನೆ ಇಡಿಯಾಗಿ ಬರುತ್ತದೆ. ತಮ್ಮ ಮೇಲಿನ ಅಪನಂಬಿಕೆಗೆ ಮೊಮ್ಮಗಳೆದುರಿನ ಜಂಬವೂ ಸೇರಿ, ಗುಂಡಿಯ ಮೇಲೆ ಹೆಬ್ಬೆರಳು ಒತ್ತಿ, ಕಣ್ಣು ಮುಚ್ಚಿ, ರಾಗವಾಗಿ ಪೂರ್ತಿ ಕೀರ್ತನೆ ಹೇಳಿದೆ. ಕಣ್ಣು ಬಿಟ್ಟು ನೋಡಿದರೆ ಅಂಟು ಕಡ್ಡಿ ಸಂದಿಯಲ್ಲೆಲ್ಲ ಇಳಿದಿತ್ತು: ಗುಂಡಿ ಮುಚ್ಚಳಕ್ಕೆ, ಮುಚ್ಚಳ ಪೆಟ್ಟಿಗೆಗೆ, ನಾನು ಗುಂಡಿಗೆ, ಎಲ್ಲರೂ ಒಂದೇ ಕುಟುಂಬ! ಅಜ್ಜಿಯ ಬೆರಳಿಗೆ ಏನಾಯಿತೋ ಎಂದು ಮೊಮ್ಮಗಳು ಅಳುತ್ತಾಳೆಂದುಕೊಂಡರೆ, ಅಯ್ಯೋ ಅಜ್ಜೀ, ಎಳೀಬೇಡ, ಪೆಟ್ಟಿಗೆ ಕಿತ್ತೋಗುತ್ತೆ ಅಂತ ಕೂಗಿಕೊಂಡಳು.

ಹೀಗೆ ತಮ್ಮ ಕೃಪೆಯಿಂದ ನಾನು ಉಡುಗೊರೆಯ ಒಂದು ಭಾಗವಾಗಿ ಹಾಲಿಗೆ ಬಂದೆ. ಬೇರೆ ಹುಡುಗಿಯರು ರಿಬ್ಬನ್ನಿನ ಪುಟಗುರುತು ತಂದಿದ್ದರು, ಕಾಲುಚೀಲದ ಗೊಂಬೆ ತಂದಿದ್ದರು. ಅಜ್ಜಿ ತಂದವಳು ನಮ್ಮವಳೊಬ್ಬಳೇ. ಪ್ರಾರ್ಥನೆಗೆ ಎಲ್ಲರೂ ಕೈ ಜೋಡಿಸಿದಾಗ ನಾನು ನಡುವೆ ಪೆಟ್ಟಿಗೆ ಇಟ್ಟುಕೊಂಡೇ ಜೋಡಿಸಿದೆ. ಬಂಧನದಲ್ಲಿರುವವರನ್ನು ಬಿಡಿಸಪ್ಪಾ ಎಂದು ಟೀಚರಕ್ಕ ಬೇಡಿದಾಗ ನನ್ನಷ್ಟು ಗಟ್ಟಿಯಾಗಿ ಆಮೆನ್ ಅಂದವರು ಇನ್ನೊಬ್ಬರಿಲ್ಲ.

ಕೋಗಿಲೆ ನೆಲ ನೋಡುತ್ತಲೇ ಬಂದು ಪೆಟ್ಟಿಗೆ ಹಿಡಿದಳು, ಜೊತೆಗೆ ನಾನೂ ಎರಡು ಹೆಜ್ಜೆ ಮುಂದೆ ಬಂದೆ. ಅಜ್ಜೀ, ನೀವೂ ಬರ್ತೀರಾ, ನಮ್ಮನೇಲಿ ಇನ್ನೊಂದು ಮಂಚ ಇಲ್ವಲ್ಲ ಅಂತ ಕಂಗಾಲಾಗಿ ಕೇಳಿದಳು. ಮುಚ್ಚಳ ಎಳೆದಳು, ಬರಲಿಲ್ಲ. ಅಲ್ಲಾಡಿಸಿದಳು, ಒಳಗೆ ಚೀಟಿಗಳು ಗಲಗಲ ಅಂದವು. ಒಳಗೆ ನಂದೊಂದು ಚೀಟಿ ಇದೆ, ತೆಗೆದು ಓದ್ಕೋ ಅಂದಳು ಮೊಮ್ಮಗಳು. ತೆಗೆಯೋಕೇ ಬರಲ್ವಲ್ಲೇ, ನೀನೇ ಹೇಳು ಅಂದಳು ಕೋಗಿಲೆ. ನನ್ನ ಬೆರಳು ಕಿತ್ತು ಬಂದರೂ ಬಂದೀತು, ಆ ಮಾತು ಬರಲಾರದು ಎಂದುಕೊಂಡೆ. ಮೊಮ್ಮಗಳು ನನ್ನ ಮುಖ ನೋಡಿದಳು. ಸಹಾಯಕ್ಕೆ ಹೋಗೋಣವೆಂದರೆ ನನಗೂ ಆ ಮಾತಿನ ಅಭ್ಯಾಸವಿಲ್ಲ. ಕೊನೆಗೆ ಅವಳೇ ಹೇಳಿದಳು, ಕೀರಲು ದನಿಯಲ್ಲಿ. ಅದನ್ನು ಕೇಳಿ ಕೋಗಿಲೆ ಕಿಸಕ್ಕನೆ ನಕ್ಕಳು. ಲೆಕ್ಕ ಚುಕ್ತಾ. ಆಮೇಲೆ ಇಬ್ಬರೂ ನನ್ನ ಕೈಯನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ, ಸಾಬೂನು ಹಚ್ಚಿ, ಎಣ್ಣೆ ಸುರಿದು, ಒಂದು ಗಂಟೆ ಹರಟುತ್ತಾ ಬಿಡಿಸಿದರು. ನಡುನಡುವೆ ನನ್ನನ್ನೇ ಮರೆತುಬಿಡುತ್ತಿದ್ದರು.

ಆದ್ದರಿಂದ ತಮ್ಮಲ್ಲಿ ಸವಿನಯ ಬೇಡಿಕೆ: ಇಷ್ಟು ಸಮರ್ಥರಾದ ತಾವು ನಮ್ಮ ಹಾಡಿನ ತಂಡದವರನ್ನು ಒಂದೇ ಶ್ರುತಿಗೆ ಅಂಟಿಸಿಕೊಡಬೇಕು, ಪಾಸ್ಟರ ಪ್ರಸಂಗದ 'ಕೊನೆಯದಾಗಿ' ಎಂಬ ಮಾತಿಗೆ ಪ್ರಸಂಗದ ಕೊನೆಯನ್ನೂ ಅಂಟಿಸಬೇಕು, ಬಿಡುವಾದರೆ ನನ್ನ ಚಪ್ಪಲಿಯನ್ನೂ ನೋಡಬೇಕು.

ಬಿಟ್ಟರೂ ಬಿಡದ ತಮ್ಮ ವಿಶ್ವಾಸಿ,
ಪೆಟ್ಟಿಗೆಯ ಜೊತೆ ಬಂದ ಅಜ್ಜಿ

ತಾ.ಕ.: ಇಂದು ಬೆಳಿಗ್ಗೆ ಡ್ರಾಯರು ತೆರೆದು ನೋಡಿದೆ, ತಾವು ತಮ್ಮ ಮುಚ್ಚಳಕ್ಕೇ ಅಂಟಿಕೊಂಡು ಬಾಯಿ ಬಿಡಲಾರದೆ ಕೂತಿದ್ದೀರಿ. ಗುಂಡುಸೂಜಿ ನನ್ನ ಕೈಯಲ್ಲೇ ಇದೆ. 'ತಪ್ಪಾಯ್ತು' ಅಂದರೆ ಚುಚ್ಚಿ ಬಿಡಿಸುತ್ತೇನೆ. ಅವಸರವಿಲ್ಲ, ನಮ್ಮ ಮನೆಯವರಿಗೆ ಮೂರು ವಾರ ಹಿಡಿಯಿತು.