ಕ್ಯಾಪ್ಟನ್ ಸೀನಿದ ಕಂತು

ದುರ್ಗೇಶ: ಆ ಸೀನಿದ್ದನ್ನ ತಗೀತೇನಿ ಅಂದ್ರ ತಗೀತೇನಿ. ಭೂಮಿ ಉಳಿಸಾಕ ಹೊಂಟ ಕ್ಯಾಪ್ಟನ್ ಬಾಗಿಲಿಗೆ ಕೈ ಹಚ್ಚಿ 'ಆಕ್ಷೀ' ಅಂತಾನೇನು?

ನೀಲಾ: ಅಂದೀಯಲ್ಲ ಮತ್ತ. ಕ್ಯಾಮೆರಾ ಮುಂದನ ಅಂದಿ.

ದುರ್ಗೇಶ: ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನ್ಯಾಗ ಶೂಟಿಂಗ್ ಇಟ್ಟಾಕಿ ನೀನು. ಅಲ್ಲಿ ಸೀನದ ಇರೋರು ಯಾರದಾರ?

ನೀಲಾ: ಸ್ಟೀಲ್ ಬಾಗಿಲ, ಬಾಯಿಂದ ಹೊಗಿ ಬರೋ ಚಳಿ. ಬ್ಯಾಡಗಿಯೊಳಗ ಪುಕ್ಕಟೆ ಸಿಗೋ ಅಂತರಿಕ್ಷ ನೌಕೆ ಮತ್ತ್ಯಾವುದೈತಿ, ಹೇಳು.

ಇಬ್ಬರೂ ರಾಣೆಬೆನ್ನೂರಿನ ಕಾಲೇಜಿನವರು. ತಾವೇ ಬರೆದು, ನಟಿಸಿ, ಶೂಟ್ ಮಾಡಿದ ಬಾಹ್ಯಾಕಾಶ ಧಾರಾವಾಹಿಯ ಕೊನೆಯ ಕಂತು ಅಂದು ಸಂಜೆ ಕೇಬಲ್ ಚಾನೆಲ್‌ನಲ್ಲಿ ಬರಬೇಕಿತ್ತು. ಬ್ಯಾಡಗಿಯಲ್ಲಿ ನೀಲಾಳ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಈ ಜಗಳ. ಅಜ್ಜಿ ಶಾರದವ್ವ ಪಕ್ಕದಲ್ಲೇ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

ನೀಲಾ: ಇಲ್ಲೀತನಕ ಎಲ್ಲಾ ಕಂತಿನ್ಯಾಗೂ ಬರೇ ಸೀರಿಯಸ್ ಮಾರಿ. ಮಂದಿ ಒಮ್ಮೆ ನಕ್ಕರ, ಆಮ್ಯಾಲೆ ನೀ ಸತ್ತಾಗ ಅಳು ಜೋರು ಬರ್ತೈತಿ. ಇದು ನನ್ನ ಥಿಯರಿ.

ದುರ್ಗೇಶ: ನಿನ್ನ ಥಿಯರಿಗೆ ನನ್ನ ಮೂಗ ಬೇಕೇನು? ಕಾಲೇಜಿನ ಪ್ರತಿ ಗ್ಯಾದರಿಂಗ್ ನಾಟಕದಾಗೂ ನನಗ ಕುಡುಕನ ಪಾರ್ಟು. ನಾ ಬಾಯಿ ತೆಗಿಯೂದಕ್ಕ ಮುಂಚೇನ ನಗ್ತಾರ. ಇದೊಂದ ಸಲ ಮಂದಿ ನನ್ನ ನೋಡಿ ಅಳಬೇಕು ನೀಲಾ.

ನೀಲಾ ಲ್ಯಾಪ್‌ಟಾಪನ್ನು ಅಜ್ಜಿಯ ಕಡೆ ತಿರುಗಿಸಿದಳು.

ನೀಲಾ: ಅಜ್ಜಿಗೆ ತೋರಸೋಣ. ಅಜ್ಜಿ ಸೀನಿಗೆ ನಕ್ಕು, ಕಡೀಕ ಅತ್ರ ಇಟ್ಕೋ. ಇಲ್ಲಂದ್ರ ತಗಿ.

ಶಾರದವ್ವ: ನನ್ನ ಯಾಕ ನಡುವ ತರ್ತೀರಿ? ಇರ್ಲಿ, ಹಚ್ಚು. ಇವಾ ಎಲ್ಲಿಗೆ ಹೊಂಟಾನ?

ದುರ್ಗೇಶ: ನೌಕೆಗೆ ಬೆಂಕಿ ಹತ್ತೈತ್ರಿ ಅಜ್ಜಿ. ಒಬ್ಬಾಂವ ಒಳಗ ಹೋಗಿ ಇಂಜಿನ್ ಬಂದ್ ಮಾಡಬೇಕು, ಇಲ್ಲಂದ್ರ ಅದು ಭೂಮಿಗೆ ಬಡೀತೈತಿ. ಹೋದಾಂವ ಹೊಳ್ಳಿ ಬರೂದಿಲ್ಲ.

ಪರದೆಯ ಮೇಲೆ ನೌಕೆಯ ಹುಡುಗಿಯೊಬ್ಬಳು ನೋಡುತ್ತ ನಿಂತಿರುವಾಗ ಕ್ಯಾಪ್ಟನ್ ಬಾಗಿಲಿಗೆ ಕೈ ಹಚ್ಚಿದ. ಆಕ್ಷೀ. ನೀಲಾ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ನಗು ಬರಲಿಲ್ಲ, ಮೊರ ಮಾತ್ರ ಗಕ್ಕನೆ ನಿಂತಿತು.

ಶಾರದವ್ವ: ತಡಿಯೋ ತಮ್ಮಾ. ಹೊಂಡೂ ಹೊತ್ತಿಗೆ ಒಂಟಿ ಸೀನು. ಒಂದ್ ಗಳಿಗಿ ಕುಂದ್ರು, ಒಂದ್ ಗುಟಕ ನೀರು ಕುಡಿ, ಆಮ್ಯಾಲೆ ಹೋಗು.

ನೀಲಾ: ಅಜ್ಜಿ, ಅದು ನಗೋ ಜಾಗ.

ಶಾರದವ್ವ: ಸಾಯಾಕ ಹೊಂಟವನ್ನ ನೋಡಿ ನಗೂದು ನಿಮ್ಮ ಕಾಲೇಜಿನ್ಯಾಗ ಕಲಿಸ್ಯಾರೇನು? ಅಲ್ಲಿ ನಿಂತ ಹುಡುಗಿಗೆ ಬುದ್ಧಿ ಬ್ಯಾಡಾ, ಅಪಶಕುನ ಆಗೈತಿ ತಡಿ ಅನ್ನಾಕ?

ನೀಲಾ: ಆ ಹುಡುಗಿ ನಾನ, ಅಜ್ಜಿ.

ಶಾರದವ್ವ: ಗೊತ್ತೈತಿ. ಅದಕ್ಕ ಕೇಳಿದ್ದು.

ದುರ್ಗೇಶ ಎದೆ ಉಬ್ಬಿಸಿ ಕುಳಿತ. ಅವನ ದೊಡ್ಡ ಭಾಷಣ ಬರುವುದಿತ್ತು. ಪರದೆಯ ಕ್ಯಾಪ್ಟನ್ ಗೋಡೆಗೆ ಒರಗಿ, 'ನನ್ನ ಆಮ್ಲಜನಕ ಮುಗಿಯುತ್ತಿದೆ. ಓ ನಕ್ಷತ್ರಗಳೇ, ಓ ಅನಂತ ಕತ್ತಲೆಯೇ' ಎಂದು ಶುರು ಮಾಡಿದ. ನಕ್ಷತ್ರಗಳು ಮುಗಿದ ಮೇಲೆ ಗ್ರಹಗಳು ಬಂದವು, ಗ್ರಹಗಳ ಹಿಂದೆ ಉಪಗ್ರಹಗಳು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜ ಕುಲುಕತೊಡಗಿತು.

ದುರ್ಗೇಶ (ಪಿಸುಮಾತಿನಲ್ಲಿ): ನೋಡು, ಅಳಾಕತ್ತಾರ.

ಶಾರದವ್ವ: ಅಯ್ಯ, ಉಸಿರಿಲ್ಲ ಅಂತ ಹೇಳಾಕ ಎಷ್ಟು ಉಸಿರು ತಗೋತಾನ ಇವಾ.

ಅಜ್ಜಿ ನಕ್ಕ ರಭಸಕ್ಕೆ ಜೋಳ ನೆಲದ ತುಂಬ ಚೆಲ್ಲಿತು. ನೀಲಾಳಿಗೂ ತಡೆಯಲಾಗಲಿಲ್ಲ. ದುರ್ಗೇಶ ಮಾತ್ರ ನಗಲಿಲ್ಲ.

ದುರ್ಗೇಶ: ಸ್ನಾನ ಮಾಡೂಮುಂದೂ ಬಾಯಿಪಾಠ ಮಾಡೇನ್ರಿ ಅಜ್ಜಿ ಅದನ್ನ.

ನೀಲಾ: ಭಾಷಣ ತಗದು ಒಮ್ಮೆ ನೋಡೋಣೇನು? ಸೀನ್ತಿ, ನಾಚಗೋತಿ, ಹೋಗ್ತಿ. ಬಾಗಿಲ ಮುಚ್ಚತೈತಿ. ಅಷ್ಟ.

ಅವನು ಮುಖ ಊದಿಸಿಕೊಂಡೇ ಭಾಷಣ ಕತ್ತರಿಸಿದ. ಮತ್ತೆ ಹಚ್ಚಿದರು. ಕ್ಯಾಪ್ಟನ್ ಸೀನಿದ, ಹುಡುಗಿಯ ಕಡೆ ನೋಡಿ ಹಲ್ಲು ಬಿಟ್ಟ, ತೋಳಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದ. ಉಕ್ಕಿನ ಬಾಗಿಲು ಮುಚ್ಚಿತು. ಅದರ ಸಂದಿಯಿಂದ ಬಿಳಿಯ ಚಳಿಹೊಗೆ ಸ್ವಲ್ಪ ಹೊತ್ತು ಬರುತ್ತಿತ್ತು, ಆಮೇಲೆ ಅದೂ ನಿಂತಿತು.

ಶಾರದವ್ವ (ಕಣ್ಣೊರೆಸಿಕೊಳ್ಳುತ್ತ): ಮೂಗ ಒರಿಸ್ಕೊಂಡು ಹೋತು ಕೂಸು.

ನೀಲಾ: ಸೀನಿಗೆ ನಗಲೇ ಇಲ್ಲಲ್ಲ ಅಜ್ಜಿ ನೀನು. ನನ್ನ ಥಿಯರಿ ಏನಾತು?

ದುರ್ಗೇಶನಿಗೆ ಅದು ಕೇಳಿಸಲೇ ಇಲ್ಲ. ಮುಖವೆಲ್ಲ ಹಿಗ್ಗಿಸಿಕೊಂಡು ಫೋನ್ ಕಿವಿಗೆ ಹಚ್ಚಿದ್ದ.

ದುರ್ಗೇಶ: ಅವ್ವಾ, ಸಂಜಿಮುಂದ ಟಿವಿ ಹಚ್ಚು, ನಾ ಸಾಯಾಂವದೇನಿ. ಇಲ್ಲವ್ವಾ, ಊಟಕ್ಕ ಬರ್ತೇನಿ.