ಬೋಳು ಕುತ್ತಿಗೆಯ ಹೇಂಟೆ ಮತ್ತು ಬಚ್ಚಲೊಲೆಯ ಮೊಳೆ

ಆನೆಯನ್ನು ಕಂಡು ಬೆರಗಾಗುವವರು ಊರು ತುಂಬ ಇದ್ದಾರೆ. ನಾನು ಬಾಯಿ ಬಿಟ್ಟು ನಿಂತದ್ದು ಕೋಳಿಯ ಹೇನನ್ನು ಕಂಡು. ಸಾಸಿವೆಗಿಂತ ಸಣ್ಣ ಜೀವಿ, ಕೋಳಿಯ ಕೊಕ್ಕು ಎಲ್ಲಿಗೆ ಎಟುಕುವುದಿಲ್ಲವೋ ಸರಿಯಾಗಿ ಅಲ್ಲೇ ಸಂಸಾರ ಹೂಡುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ವರ್ಷವಿಡೀ ಗಂಟಲು ಹರಿದುಕೊಂಡರೂ ನನ್ನ ತರಗತಿಯ ಮಕ್ಕಳಿಗೆ ಚಿತ್ರದಲ್ಲಿ ಪಿತ್ತಕೋಶ ಸಿಗುವುದಿಲ್ಲ. ಈ ಹೇನಿಗೆ ಯಾರು ಪಾಠ ಹೇಳಿದರೋ!

ನರಿಕೊಂಬಿನ ನಮ್ಮ ಮನೆಯಲ್ಲಿ ಕೋಳಿಗಳ ಯಜಮಾನಿ ನನ್ನ ಹೆಂಡತಿ ಸುಜಾತಾ. ಬೆಳ್ತಂಗಡಿಯ ತವರಿನಿಂದ ಅವಳ ಅಮ್ಮ ಕೊಟ್ಟ ಬೋಳು ಕುತ್ತಿಗೆಯ ಕೋಳಿಗಳ ಸಂತಾನ ಅವು. ಅತ್ತೆ ಕಳೆದ ವರ್ಷ ತೀರಿಕೊಂಡರು. ಕೋಳಿಗಳನ್ನು ಮುಂಗುಸಿ ಒಂದೊಂದಾಗಿ ಮುಗಿಸಿತು. ಉಳಿದದ್ದು ಒಂದೇ ಹೇಂಟೆ. ಅದು ಕಾವಿಗೆ ಕೂತದ್ದೇ ತಡ, ಮನೆಯಲ್ಲಿ ನಾನು ಗಟ್ಟಿಯಾಗಿ ಕೆಮ್ಮುವ ಹಾಗೂ ಇರಲಿಲ್ಲ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಕಾವಿನ ಬುಟ್ಟಿಯಲ್ಲಿ ಒಂದು ಇದ್ದಿಲ ತುಂಡು, ಒಂದು ಕಬ್ಬಿಣದ ಮೊಳೆ ಇಡುವುದು ನಮ್ಮ ಕಡೆಯ ಕ್ರಮ. ನಾನು ಸುಮ್ಮನಿರದೆ ಶಬ್ದ ತರಂಗಗಳ ವಿಷಯ ಎತ್ತಿದೆ. "ಅದನ್ನು ಶಾಲೆಯಲ್ಲಿ ಹೇಳಿ. ಮೊಳೆ ಅಲ್ಲೇ ಇರ್ಲಿ," ಎಂದಳು ಅವಳು.

ಒಂದು ಭಾನುವಾರ ಬೆಳಿಗ್ಗೆ ಹೇಂಟೆ ಪದೇ ಪದೇ ಎದ್ದು ನಿಂತು ಮೈ ಕೊಡವತೊಡಗಿತು. ರೆಕ್ಕೆ ಎತ್ತಿ ನೋಡಿದರೆ ಬುಡದಲ್ಲೆಲ್ಲ ಹೇನು; ಬುಟ್ಟಿಯ ಸಂದಿಯಲ್ಲಿ ಹರಿದಾಡುವ ಕೆಂಪು ನುಸಿ. ನನ್ನ ಮೊಣಕೈಯವರೆಗೂ ಹತ್ತಿದವು. ನಾನು ಅಂಗಳ ತುಂಬ ಕುಣಿದೆ. ಹೇಂಟೆ ಮತ್ತೆ ಹೋಗಿ ಮೊಟ್ಟೆಯ ಮೇಲೆ ಕೂತಿತು. ಅರ್ಧ ಗಳಿಗೆಯ ಕಡಿತಕ್ಕೆ ನಾನು ಹೀಗಾದರೆ, ಇಷ್ಟು ದಿನ ಮೈಯಿಡೀ ಕಚ್ಚಿಸಿಕೊಂಡು ಕೂತ ಆ ಜೀವ ಎಂಥದ್ದು! ನನಗೆ ಕೈ ಮುಗಿಯಬೇಕೆನಿಸಿತು.

ಸುಜಾತಾಳ ಸ್ವರ ಸಣ್ಣದಾಗಿತ್ತು. "ಇದೊಂದು ಕಾವು ಬಿಟ್ಟು ಎದ್ದು ಹೋದ್ರೆ ಅಮ್ಮನ ಕೋಳಿಯ ಸಂತಾನ ಅಂತ ಇನ್ನು ಒಂದೂ ಇಲ್ಲ ಮಾರಾಯ್ರೆ."

ಬಂಟ್ವಾಳದ ಪರಿಚಯದ ಪಶುವೈದ್ಯೆಗೆ ಫೋನು ಮಾಡಿದೆ. "ಕೋಳಿಗೆ ಮಾತ್ರ ಪುಡಿ ಹಾಕಿದ್ರೆ ಆಗ್ಲಿಕ್ಕಿಲ್ಲ ಸರ್. ನುಸಿ ಬುಟ್ಟಿಯಲ್ಲೇ ಅಡಗಿರ್ತದೆ. ಹುಲ್ಲು, ಬುಟ್ಟಿ ಎಲ್ಲ ಸುಟ್ಟುಬಿಡಿ. ಒಂದು ವಾರ ಬಿಟ್ಟು ಇನ್ನೊಮ್ಮೆ ಪುಡಿ ಹಾಕಿ, ಹೇನಿನ ಮೊಟ್ಟೆ ಒಡೆದು ಮರಿ ಆಗ ಹೊರಗೆ ಬಂದಿರ್ತದೆ," ಎಂದರು. ಅವರು ಹೇಳಿದ ಪುಡಿ ತಂದೆ. ಸುಜಾತಾ ಕಾವಿನ ಮೊಟ್ಟೆಗಳನ್ನು ಬಟ್ಟೆ ಸುತ್ತಿದ ಬೋಗುಣಿಗೆ ಸಾಗಿಸಿ, ಹೇಂಟೆಯನ್ನು ಮೈ ಒರೆಸುವ ಹಳೆಯ ಬೈರಾಸಿನಲ್ಲಿ ಸುತ್ತಿ ಹಿಡಿದಳು. ನಾನು ಮೂಗಿಗೆ ಬಟ್ಟೆ ಕಟ್ಟಿ ರೆಕ್ಕೆಯಡಿ, ಬಾಲದ ಬುಡ ಎಲ್ಲ ಪುಡಿ ಉಜ್ಜಿದೆ. ಹೇಂಟೆ ಕಿರುಚಲಿಲ್ಲ. ಅದರ ಕಣ್ಣು ಬೋಗುಣಿಯ ಮೇಲೇ ಇತ್ತು. ಇಂಜೆಕ್ಷನ್ ಎಂದರೆ ಗೋಡೆ ಕಡೆ ಮುಖ ತಿರುಗಿಸುವ ನನಗೆ ಅದರ ಮುಖ ನೋಡಲು ನಾಚಿಕೆಯಾಯಿತು. ಹೊಸ ಬುಟ್ಟಿ, ಹೊಸ ಹುಲ್ಲು, ಮೊಟ್ಟೆ, ಹೇಂಟೆ ಎಲ್ಲ ಸ್ವಸ್ಥಾನ ಸೇರಿದವು. ಹಳೆಯ ಬುಟ್ಟಿಯನ್ನು ಇದ್ದ ಹಾಗೇ ಬಚ್ಚಲೊಲೆಗೆ ತುರುಕಿ, ಅದೇ ಬಿಸಿನೀರಿನಲ್ಲಿ ಹಾಯಾಗಿ ಮಿಂದೆ.

ಮಧ್ಯಾಹ್ನ ಕಳೆದು ಘಟ್ಟದ ಕಡೆ ಆಕಾಶ ಕಪ್ಪಾಯಿತು. ಸುಜಾತಾ ಕೇಳಿದಳು, "ಮೊಳೆ ಇಟ್ಟಿದ್ದೀರಲ್ಲ?"

ಶಬ್ದ ತರಂಗಗಳ ವಿಷಯ ಹೇಳಲು ಇದು ಒಳ್ಳೆಯ ಸಂದರ್ಭವಾಗಿತ್ತು. ಆದರೆ ಅವಳ ಮುಖ ನೋಡಿದೆ, ಹೇಂಟೆಯನ್ನು ನೋಡಿದೆ. ಮರುಕ್ಷಣ ಬಚ್ಚಲೊಲೆಯ ಮುಂದೆ ಮಂಡಿಯೂರಿ ಬಿಸಿ ಬೂದಿ ಕೆದಕುತ್ತಿದ್ದೆ. ಬೇರೆ ಮೊಳೆ ಮನೆಯಲ್ಲಿ ಬೇಕಾದಷ್ಟು ಉಂಟು ಎನ್ನುವುದೂ ಹೊಳೆಯಲಿಲ್ಲ. ಕಾದ ಮೊಳೆಯನ್ನು ಇಕ್ಕುಳದಲ್ಲಿ ಹಿಡಿದು ತಂದು, ನೀರಿಗೆ ಅದ್ದಿ, ಒಲೆಯ ಇದ್ದಿಲ ಜೊತೆ ಬುಟ್ಟಿಯಲ್ಲಿಟ್ಟದ್ದೇ, ಮನೆ ನಡುಗುವ ಹಾಗೆ ಗುಡುಗಿತು. ನಾನು ಹಾರಿಬಿದ್ದೆ. ಹೇಂಟೆ ಕಣ್ಣು ಕೂಡ ಮಿಟುಕಿಸಲಿಲ್ಲ.

ವಾರ ಬಿಟ್ಟು ಮತ್ತೊಮ್ಮೆ ಪುಡಿ ಹಾಕಿದ್ದಾಯಿತು. ಕೊನೆಗೊಂದು ಬೆಳಿಗ್ಗೆ ಹೇಂಟೆಯ ಎದೆಯಡಿಯಿಂದ ಒಂದು ಮರಿ ಇಣುಕಿತು. ಕುತ್ತಿಗೆ ಬೋಳು. "ಅಮ್ಮನದ್ದೇ ನೋಡಿ," ಎಂದು ಸುಜಾತಾ ನಗಲು ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಮೂಗು ಒರೆಸಿಕೊಂಡೆ. ಪುಡಿಯ ಘಾಟು ಎಂದೆ.

ಶಾಲೆಯಲ್ಲಿ ನಾನೀಗ ಹೇನಿನ ತಜ್ಞ. ಮೊನ್ನೆ ಮೂಡುಬಿದಿರೆಯಿಂದ ಬರುವ ಸಹೋದ್ಯೋಗಿ ತಮ್ಮ ಮನೆಯ ಕಾವಿನ ಕೋಳಿಗೂ ಹೇನಾಗಿದೆ ಎಂದರು. ಪುಡಿ, ಬುಟ್ಟಿ, ನುಸಿಯ ಜೀವನಚಕ್ರ ಎಲ್ಲವನ್ನೂ ಶಾಸ್ತ್ರೋಕ್ತವಾಗಿ ವಿವರಿಸಿದೆ. ಅವರು ತಲೆಯಾಡಿಸಿ ಸ್ಕೂಟರ್ ಏರಿ ಗೇಟು ದಾಟುತ್ತಿದ್ದರು. ಅಷ್ಟರಲ್ಲಿ ದೂರದಲ್ಲಿ ಸಣ್ಣಗೆ ಗುಡುಗಿತು. ನಾನು ಪಂಚೆ ಎತ್ತಿಕಟ್ಟುವುದೊಂದು ಬಾಕಿ, ಶಾಲೆಯ ಅಂಗಳ ದಾಟಿ ಓಡುತ್ತಾ ಕೂಗಿದೆ:

"ಮೊಳೆ ಇಡ್ಲಿಕ್ಕೆ ಮರೀಬೇಡಿ ಮಾರಾಯ್ರೇ!"

ತಿರುಗಿ ನೋಡಿದರೆ, ಆವತ್ತೇ ಬೆಳಿಗ್ಗೆ ನನ್ನಿಂದ ಶಬ್ದ ತರಂಗಗಳ ಪಾಠ ಕೇಳಿದ್ದ ತರಗತಿ ಪೂರಾ ಗೇಟಿನ ಬಳಿ ಬಸ್ಸಿಗೆ ಕಾಯುತ್ತಿತ್ತು.