ಎಂಟು ನಿಮಿಷದ ನಿದ್ದೆ

ಆರ್ಲೋ ಟ್ವೆಟ್‌ನ ಬಳಿ ಉಳಿದದ್ದು ಒಂದೇ ಒಂದು ಫಿಲ್ಮ್ ಹಾಳೆ. ಯಾರಿಗೂ ಕೆಲಸವಿಲ್ಲದ ಆ ವರ್ಷಗಳಲ್ಲಿ ಸರ್ಕಾರ ಚಿತ್ರಕಾರರಿಗೆ ಚಿತ್ರ ಬರೆಯಲು ಊರೂರಿನ ಗೋಡೆ ಕೊಟ್ಟಿತ್ತು. ಆ ಗೋಡೆಗಳ ಫೋಟೋ ತೆಗೆದು, ವಿವರದ ಚೀಟಿ ಅಂಟಿಸಿ ಮಿನಿಯಾಪೊಲಿಸ್‌ನ ಕಡತಕ್ಕೆ ಕಳಿಸುವುದು ಆರ್ಲೋನ ಪಾಲಿನ ಅನ್ನ. ಹಿಂದಿನ ಎರಡು ಫೋಟೋ ಮಸುಕಾಗಿದ್ದವು. ಇದೂ ಕೆಟ್ಟರೆ ಕೆಲಸದ ಪಟ್ಟಿಯಿಂದ ಹೆಸರು ತೆಗೆಯುತ್ತೇವೆಂದು ಕಾಗದ ಬಂದಿತ್ತು.

ಲೈಬ್ರರಿಯ ಗೋಡೆಯ ಮೇಲೆ ಚಿತ್ರಗಾರ್ತಿ ಹೆಡ್ವಿಗ್ ಬರೆದ ಗೋಧಿ ಕೊಯ್ಲಿನ ಚಿತ್ರ ಮುಗಿದೇ ಇತ್ತು. ಆದರೆ ಕ್ಷೌರದ ಗುಸ್ತಾಫ್‌ಗೆ ಚಿತ್ರದಲ್ಲಿದ್ದ ಹಸುವಿನ ಚಿಂತೆ.

"ಯಾವ ಹಸುವಮ್ಮ ಎಡಗಡೆ ಕೂತವರಿಗೆ ಹಾಲು ಕೊಡುತ್ತೆ? ಒದೆಯುತ್ತೆ ಅಷ್ಟೆ."

ಹೆಡ್ವಿಗ್ ಹಾಲು ಕರೆಯುವವಳನ್ನು ಅಳಿಸಿ ಬಲಕ್ಕೆ ಕೂರಿಸುವಷ್ಟರಲ್ಲಿ ಕಿಟಕಿಯ ಬೆಳಕು ಹಟ್ಟಿಗೆ ಮರಳುವ ದನದಂತೆ ನಿಧಾನವಾಗಿ ಹೊರಟಿತ್ತು. ಇನ್ನು ಆ ಮಂದ ಬೆಳಕಿನಲ್ಲಿ ಎಂಟು ನಿಮಿಷ ಲೆನ್ಸ್ ತೆರೆದಿಟ್ಟರೇ ಫೋಟೋ. ತೆರೆದ ಗಳಿಗೆಯಲ್ಲೇ ಲೈಬ್ರರಿಯ ಓಸಮ್ಮ ಪುಸ್ತಕ ಹೊತ್ತು ಅಡ್ಡ ಹಾದರು. ಹಾಳಾಯಿತೇನೋ ಎಂದು ಗಾಬರಿಯಾದರು.

"ನಡೆದಾಡೋರು ಫೋಟೋದಲ್ಲಿ ಬೀಳಲ್ಲ, ಓಸಮ್ಮ. ಅಲುಗಾಡದೆ ಕೂತವರಷ್ಟೇ ಉಳೀತಾರೆ," ಎಂದ ಆರ್ಲೋ, ಪಾದ್ರಿಗಳ ಶಾಂತಿಯಿಂದ.

ಗೋಡೆಯ ಬುಡದಲ್ಲಿ ನಿಲ್ಲಿಸಿದ್ದ, ಚಿತ್ರದ ನಂಬರು ಬರೆದ ಸ್ಲೇಟು ಜಾರಿತು. ಹೊತ್ತಾದಾಗ ಲೆನ್ಸ್ ಮುಚ್ಚಲು ಹೆಡ್ವಿಗ್‌ಗೆ ಹೇಳಿ ಅವನು, ತಾನು ಅಲುಗಾಡುತ್ತಿದ್ದರಾಯಿತೆಂದು, ಹೋಗಿ ಸ್ಲೇಟು ಹಿಡಿದು ಕೂತ. ಬೆನ್ನ ಹಿಂದೆ ಚಿನ್ನದ ಗೋಧಿ. ಆ ತೆನೆಗಳು ತೂಗಿದಂತಾಯಿತು, ಅಜ್ಜಿ ಎಲ್ಲೋ ಪ್ರಾರ್ಥನೆ ಹಾಡಿದಂತಾಯಿತು, ಸ್ಲೇಟು ಮೆಲ್ಲಗೆ ಮಡಿಲಿಗೆ ಮಗುಚಿತು. ಇದೂ ಫೋಟೋ ತೆಗೆಯುವ ಒಂದು ಕ್ರಮವಿರಬೇಕೆಂದು ಹೆಡ್ವಿಗ್ ಗಡಿಯಾರ ನೋಡುತ್ತಾ ನಿಂತಳು.

ಸಂಜೆ ನೆಲಮಾಳಿಗೆಯ ಕತ್ತಲಲ್ಲಿ ಹಾಳೆ ತೊಳೆದಾಗ ಆರ್ಲೋ ತನ್ನನ್ನೇ ಕಂಡ. ಬಾಯಿ ತೆರೆದು ಗೋಧಿಗೊರಗಿ ಮಲಗಿದ್ದ. ಬೇರೆ ಹಾಳೆಯಿಲ್ಲ. ದೇವರ ಕ್ಷಮೆ ಕೇಳಿಕೊಂಡು ಚೀಟಿಯಲ್ಲಿ ಬರೆದ: 'ಚಿತ್ರದ ಕೆಳಭಾಗದಲ್ಲಿ, ವಿಶ್ರಮಿಸುತ್ತಿರುವ ಕೊಯ್ಲಿನವನು.'

ವಾರದಲ್ಲಿ ಉತ್ತರ ಬಂತು. ಕಚೇರಿಯವರು ಆ ಕೊಯ್ಲಿನವನಿಗೆ ಮನಸೋತಿದ್ದರು. ಗೋಡೆಯ ಮೇಲೆ ಅವನನ್ನು ಕಣ್ಣಾರೆ ನೋಡಲು ಸಾಹೇಬರು ಗುರುವಾರ ಬರುವವರಿದ್ದರು.

ಆ ಕೊಯ್ಲಿನವನನ್ನು ಚಿತ್ರಕ್ಕೆ ಸೇರಿಸಲು ಹೆಡ್ವಿಗ್ ಬೈದುಕೊಂಡೇ ಕುಂಚ ಹಿಡಿದಳು. ಎರಡು ದಿನ ಆರ್ಲೋ ಗೋಡೆಯ ಮುಂದೆ ಕಣ್ಣು ಮುಚ್ಚಿ ಕೂತ. ಬೇಕಾದಾಗ ನಿದ್ದೆ ಹತ್ತಿರ ಸುಳಿಯಲಿಲ್ಲ. ಗುಸ್ತಾಫ್ ಮಾತ್ರ, ಗಡ್ಡ ಬೋಳಿಸದೆ ಸರ್ಕಾರದ ಗೋಡೆ ಹತ್ತುತ್ತೀಯಲ್ಲ ಎಂದು ಪಕ್ಕದಲ್ಲೇ ನಿಂತು ಗೊಣಗಿದ.

ಗುರುವಾರ ಸಾಹೇಬರು ಟೋಪಿ ತೆಗೆದು ಬಹಳ ಹೊತ್ತು ನಿಂತರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಚೀಲದಿಂದ ಆರ್ಲೋನ ಫೋಟೋ ತೆಗೆದು ಗೋಡೆಯ ಪಕ್ಕ ಹಿಡಿದರು.

"ಗೋಡೆ ಮೇಲೆ ಇವನು ಎಷ್ಟು ಸ್ಪಷ್ಟವಾಗಿದಾನೆ. ನಿಮ್ಮ ಫೋಟೋದಲ್ಲಿ ಎದೆ ಪೂರ್ತಿ ಮಸುಕು. ಬರೆದ ಚಿತ್ರ ಉಸಿರಾಡುತ್ತೇನಪ್ಪ? ಮೂರನೇ ಸಲ ಆಯ್ತು ಇದು."

ನಿಜ ಹೇಳಲು ಆರ್ಲೋನ ಬಾಯಿ ತೆರೆಯಿತು, ಗೋಡೆಯ ಮೇಲಿದ್ದಷ್ಟೇ ಅಗಲಕ್ಕೆ. ಹಾಗೆಯೇ ಮುಚ್ಚಿತು.

ಸಾಹೇಬರು ಅವನ ಹೆಸರಿನ ಮೇಲೆ ಗೆರೆ ಎಳೆದರು. ಅವನು ಕ್ಯಾಮೆರಾ ಒಪ್ಪಿಸಿ ಹೊರಗೆ ನಡೆದ. ಒಳಗೆ ಇನ್ನೊಬ್ಬ ಆರ್ಲೋ ಸರ್ಕಾರಿ ಗೋಧಿಗೊರಗಿ ನಿಶ್ಚಿಂತೆಯಿಂದ ಮಲಗಿದ್ದ. ಅವನ ಕೆಲಸಕ್ಕೆ ಇನ್ನು ಭಯವಿರಲಿಲ್ಲ.